ನವ್ಯ ಕವಿತೆ: ಬಳಸುವ ಮುನ್ನ ಓದಿ



ನಿಮ್ಮ ಕೈಯಲ್ಲಿರುವುದು ಹೆಚ್ಚುಕಡಿಮೆ 1950 ಮತ್ತು 1975ರ ನಡುವೆ ತಯಾರಾದ ಕನ್ನಡದ ನವ್ಯ ಕವಿತೆ. ಅಜ್ಜನ ಟ್ರಂಕಿನಲ್ಲಿ ಸಿಕ್ಕಿರಬಹುದು, ಬೆಂಗಳೂರಿನ ಅವೆನ್ಯೂ ರಸ್ತೆಯ ಹಳೇ ಪುಸ್ತಕದ ರಾಶಿಯಲ್ಲಿ ಸಿಕ್ಕಿರಬಹುದು. ಹೆಚ್ಚಿನವರಿಗಂತೂ ಪದವಿ ತರಗತಿಯ ಪಠ್ಯದಲ್ಲಿ, ಬೇಡವೆಂದರೂ ಸಿಕ್ಕಿರುತ್ತದೆ. ಮಿಕ್ಸಿ ಕೊಂಡವರಿಗೆ ಏಳೆಂಟು ಭಾಷೆಯ ಪುಸ್ತಿಕೆ ಕೊಡುತ್ತಾರೆ. ಯಾರೂ ಓದುವುದಿಲ್ಲ, ಆದರೂ ಮಿಕ್ಸಿ ತಿರುಗುತ್ತದೆ. ನವ್ಯ ಕವಿತೆಯ ಪಾಡು ಇದಕ್ಕೆ ತದ್ವಿರುದ್ಧ. ಅದರ ಪುಸ್ತಿಕೆಗಳನ್ನು ಎಲ್ಲರೂ ಓದಿದ್ದಾರೆ, ಬಾಯಿಪಾಠ ಮಾಡಿದ್ದಾರೆ, ಪರೀಕ್ಷೆಯಲ್ಲಿ ಬರೆದು ಪಾಸೂ ಆಗಿದ್ದಾರೆ. ಕವಿತೆ ಮಾತ್ರ ಇನ್ನೂ ಡಬ್ಬಿಯಲ್ಲೇ ಇದೆ.

ಈ ಕೈಪಿಡಿ ಬರೆಯುತ್ತಿರುವವನು ಮೂವತ್ತು ವರ್ಷ ಪದವಿ ಕಾಲೇಜುಗಳಲ್ಲಿ ಕನ್ನಡ ಪಾಠ ಮಾಡಿದವನು. ಡಬ್ಬಿಯ ಮುಚ್ಚಳ ಬಿಗಿದವರಲ್ಲಿ ಅವನೂ ಒಬ್ಬ. ಆ ವಿವರ ಕೊನೆಯಲ್ಲಿ ವಾರಂಟಿ ವಿಭಾಗದಲ್ಲಿದೆ. ಅವಸರವಿದ್ದವರು ನೇರ ಅಲ್ಲಿಗೇ ಹೋಗಬಹುದು.

ಡಬ್ಬಿಯೊಳಗೆ ಏನೇನಿದೆ

ಕವಿತೆ, ಒಂದು. ಮುನ್ನುಡಿ, ಒಂದು. ಇವುಗಳಲ್ಲಿ ಯಾವುದು ಯಾವುದೆಂದು ಗಾತ್ರ ನೋಡಿ ತೀರ್ಮಾನಿಸಬೇಡಿ.

ಮುನ್ನುಡಿಯ ಸಂಗತಿ ಸ್ವಲ್ಪ ಹೇಳಬೇಕು. ನಮ್ಮಲ್ಲಿ ಹಿರಿಯರು ಕಿರಿಯರ ಪುಸ್ತಕಕ್ಕೆ ಮುನ್ನುಡಿ ಬರೆದು ಬೆನ್ನು ತಟ್ಟುವುದು ವಾಡಿಕೆ. ಮೊಗೇರಿ ಗೋಪಾಲಕೃಷ್ಣ ಅಡಿಗರ ಮೊದಲ ಸಂಕಲನ ‘ಭಾವತರಂಗ’ 1946ರಲ್ಲಿ ಬಂದಾಗ ಹಿರಿಯ ಕವಿ ಬೇಂದ್ರೆಯವರು ಹಾಗೆ ಬೆನ್ನು ತಟ್ಟಿದ್ದರು. ಹದಿಮೂರು ವರ್ಷದ ಮೇಲೆ ‘ಭೂಮಿಗೀತ’ ಬಂತು. ಆಗ ಅಡಿಗರಿಗೆ ನಲವತ್ತೊಂದು. ಮುನ್ನುಡಿ ಬರೆದ ಯು.ಆರ್. ಅನಂತಮೂರ್ತಿಯವರಿಗೆ ಇಪ್ಪತ್ತಾರೋ ಇಪ್ಪತ್ತೇಳೋ. ಮದುವೆಯಲ್ಲಿ ಮದುಮಗನ ತಮ್ಮನೇ ಪೌರೋಹಿತ್ಯಕ್ಕೆ ಕೂತ ಹಾಗೆ. ಆ ತಮ್ಮ ಮಂತ್ರ ಸರಿಯಾಗಿಯೇ ಹೇಳಿದ, ಅದು ಬೇರೆ ಮಾತು. ಆದರೆ ಅಂದಿನಿಂದ ಒಂದು ಪದ್ಧತಿ ಬೇರೂರಿತು: ಯಂತ್ರ ಮತ್ತು ಯಂತ್ರದ ಪುಸ್ತಿಕೆ ಒಂದೇ ಕಾರ್ಖಾನೆಯಿಂದ, ಒಂದೇ ಡಬ್ಬಿಯಲ್ಲಿ ಬರತೊಡಗಿದವು. ಮುಂದೆ ಪುಸ್ತಿಕೆಗೇ ಬೇರೆ ಕಾರ್ಖಾನೆಗಳು ಎದ್ದವು.

ತಯಾರಿಕೆಯ ಇತಿಹಾಸ ಚುಟುಕಾಗಿ. ಮಂಗಳೂರು ಕಡೆಯ ಪೇಜಾವರ ಸದಾಶಿವರಾಯರು ಓದಲೆಂದು ಇಟಲಿಗೆ ಹೋಗಿ 1939ರಲ್ಲಿ, ಮೂವತ್ತೂ ತುಂಬದೆ, ಅಲ್ಲೇ ತೀರಿಕೊಂಡರು. ಮೊದಲ ನವ್ಯ ಕವಿತೆ ಬರೆದವರು ಅವರೇ ಎನ್ನುವವರಿದ್ದಾರೆ. ಹೆಸರಿಟ್ಟವರು ವಿ.ಕೃ. ಗೋಕಾಕರು. ಅವರ ‘ನವ್ಯ ಕವಿತೆಗಳು’ 1950ರದು. ಮಗುವಿಗೆ ನಾಮಕರಣ ಮಾಡಿದವರು ಗೋಕಾಕರಾದರೂ ಮಗು ಬೆಳೆದದ್ದು ಅಡಿಗರ ಮನೆಯಲ್ಲಿ. 1954ರಲ್ಲಿ ಅದು ‘ಚಂಡೆಮದ್ದಳೆ’ ಬಾರಿಸುತ್ತ ಬೀದಿಗೆ ಬಂತು. ಬೀದಿಯವರು ಕಿವಿ ಮುಚ್ಚಿಕೊಂಡರು. ‘ಮೈಸೂರ ಮಲ್ಲಿಗೆ’ಯ ಕೆ.ಎಸ್. ನರಸಿಂಹಸ್ವಾಮಿಯವರು ಕೂಡ 1958ರ ‘ಶಿಲಾಲತೆ’ಯ ಹೊತ್ತಿಗೆ ದಾರಿ ಬದಲಿಸಿದರು ಅಂದಮೇಲೆ ಗದ್ದಲ ಎಷ್ಟಿತ್ತೆಂದು ಊಹಿಸಿಕೊಳ್ಳಿ. ಮಲ್ಲಿಗೆ ಮುಡಿದು ಕೂತಿದ್ದ ಓದುಗರಿಗೆ ಕೈಗೆ ಕಲ್ಲು ಕೊಟ್ಟಂತಾಯಿತು.

ಅಳವಡಿಸುವ ವಿಧಾನ: ಅಧಿಕೃತ

ಅಧಿಕೃತ ವಿಧಾನ ಕೇಂಬ್ರಿಜ್‌ನಿಂದ ಆಮದಾದದ್ದು. ಅಲ್ಲಿ ಐ.ಎ. ರಿಚರ್ಡ್ಸ್ ಎಂಬ ಮೇಷ್ಟ್ರು ಕವಿಯ ಹೆಸರು ಅಳಿಸಿದ ಕವಿತೆಗಳನ್ನು ಹುಡುಗರಿಗೆ ಹಂಚಿ, ಓದಿ ಅನಿಸಿದ್ದು ಬರೆಯಿರಿ ಎಂದರು. ಹುಡುಗರು ಬರೆದ ಅವಾಂತರಗಳನ್ನೆಲ್ಲ ಸೇರಿಸಿ 1929ರಲ್ಲಿ ಪುಸ್ತಕ ಮಾಡಿದರು. ನಾವು ಅದನ್ನು ಪ್ರಾಯೋಗಿಕ ವಿಮರ್ಶೆ ಎಂದು ಕರೆದು ಮನೆ ತುಂಬಿಸಿಕೊಂಡೆವು. ಜತೆಗೆ ಇಂಗ್ಲಿಷ್ ಕವಿ ಎಲಿಯಟ್‌ನಿಂದ ಭಾವಕ್ಕೆ ಸಾಟಿಯಾಗಿ ಹೊರಗಿನ ವಸ್ತುವನ್ನು ನಿಲ್ಲಿಸುವ ‘ವಸ್ತು ಪ್ರತಿರೂಪ’ ಬಂತು, ಅಮೆರಿಕದ ನವ ವಿಮರ್ಶಕರಿಂದ ವ್ಯಂಗ್ಯ, ವಿರೋಧಾಭಾಸಗಳು ಬಂದವು.

ಸುಳ್ಳು ಹೇಳಬಾರದು, ಇದರಿಂದ ಒಳ್ಳೆಯದೇ ಆಯಿತು. ಅದಕ್ಕೆ ಮುಂಚೆ ವಿಮರ್ಶೆ ಎಂದರೆ ಬಹಳ ಮಟ್ಟಿಗೆ ‘ಆಹಾ, ಕವಿಹೃದಯ ಎಷ್ಟು ಕೋಮಲ’ ಎಂದು ಶಾಲು ಹೊದಿಸುವ ಕೆಲಸ. ಈ ಪದದ ಮುಂದೆ ಆ ಪದ ಯಾಕೆ ಕೂತಿದೆ ಎಂದು ಬೆರಳಿಟ್ಟು ಕೇಳುವ ಅಭ್ಯಾಸ ಹತ್ತಿದ್ದು ನವ್ಯರ ಕಾಲದಲ್ಲೇ. ವಿಮರ್ಶಕ ಕೀರ್ತಿನಾಥ ಕುರ್ತಕೋಟಿಯವರು ಕವಿತೆಯೊಂದನ್ನು ಬಿಡಿಸುವಾಗ ಹಲಸಿನ ಹಣ್ಣು ಬಿಡಿಸುವವರ ಕೈ ನೆನಪಾಗುತ್ತದೆ: ಎಣ್ಣೆ ಹಚ್ಚಿಕೊಂಡ ಕೈ, ಅಂಟು ಹತ್ತುವುದಿಲ್ಲ, ತೊಳೆ ಹರಿಯುವುದಿಲ್ಲ. 1962ರಲ್ಲಿ ಅಡಿಗರು ಶುರು ಮಾಡಿದ ‘ಸಾಕ್ಷಿ’ ಪತ್ರಿಕೆಯ ಹಳೇ ಸಂಚಿಕೆ ಸಿಕ್ಕರೆ ಬಿಡಬೇಡಿ. ಜಗಳ ಆಡುವುದಾದರೂ ಓದಿಕೊಂಡು ಆಡುತ್ತಿದ್ದರು.

ತೊಂದರೆ ಶುರುವಾದದ್ದು ಮೂರನೆಯ ತಲೆಮಾರಿನಲ್ಲಿ, ಅಂದರೆ ನಮ್ಮಲ್ಲಿ. ಎಣ್ಣೆ ಮುಗಿದಿತ್ತು, ಅಂಟು ಮಾತ್ರ ಉಳಿದಿತ್ತು. ಆಗ ನಮಗೆ ಸಿಕ್ಕ ಸೂತ್ರ ಇದು. ಅನಾಥಪ್ರಜ್ಞೆ, ಪರಕೀಯತೆ, ಸಂಕೀರ್ಣತೆ, ದಟ್ಟ ಅನುಭವ, ಆಶಯ, ಆಕೃತಿ, ಅನನ್ಯ: ಇವುಗಳಲ್ಲಿ ಯಾವುದಾದರೂ ನಾಲ್ಕನ್ನು ತೆಗೆದುಕೊಳ್ಳಿ. ‘ನೆಲೆಯಲ್ಲಿ’, ‘ಹಿನ್ನೆಲೆಯಲ್ಲಿ’, ‘ನಿಟ್ಟಿನಲ್ಲಿ’ ಎಂಬ ಮೂರು ಮೊಳೆಗಳಿಂದ ಜೋಡಿಸಿ. ಕೊನೆಗೆ ಕವಿಯನ್ನು ಯಾವುದಾದರೊಂದಕ್ಕೆ ‘ಮುಖಾಮುಖಿ’ಯಾಗಿಸಿ. ಪರಂಪರೆಗೆ ಆಗಬಹುದು, ಸಾವಿಗೆ ಆಗಬಹುದು, ಏನೂ ಸಿಗದಿದ್ದರೆ ತನಗೆ ತಾನೇ ಮುಖಾಮುಖಿಯಾಗಬಹುದು. ನನ್ನ ಅನುಭವದಲ್ಲಿ ಈ ವಾಕ್ಯ ಯಾವ ಕವಿತೆಗೂ ಒಪ್ಪುತ್ತದೆ. ಒಮ್ಮೆ ಪರೀಕ್ಷಿಸಲೆಂದು ಕೆಇಬಿಯ ಕರೆಂಟ್ ಬಿಲ್ಲಿನ ಹಿಂಭಾಗದ ಸೂಚನೆಗಳಿಗೆ ಅಂಟಿಸಿ ನೋಡಿದೆ, ಅದಕ್ಕೂ ಒಪ್ಪಿತು.

ಎಚ್ಚರಿಕೆ: ಯಂತ್ರದ ಜತೆ ಟಿಪ್ಪಣಿಗಳಿದ್ದರೆ ಅವುಗಳ ಬೆನ್ನು ಹತ್ತಬೇಡಿ. ಎಲಿಯಟ್‌ನ ‘ದಿ ವೇಸ್ಟ್ ಲ್ಯಾಂಡ್’ 1922ರಲ್ಲಿ ಪತ್ರಿಕೆಯಲ್ಲಿ ಬಂದಾಗ ಟಿಪ್ಪಣಿ ಇರಲಿಲ್ಲ, ಪುಸ್ತಕವಾದಾಗ ಸೇರಿತು. ಪುಸ್ತಕಕ್ಕೆ ಕವಿತೆ ತೀರ ಚಿಕ್ಕದಾಯಿತೆಂದು ಪುಟ ತುಂಬಿಸಲು ಟಿಪ್ಪಣಿ ಹಿಗ್ಗಿಸಿದೆ ಎಂದು ಕವಿಯೇ 1956ರಲ್ಲಿ ಒಪ್ಪಿಕೊಂಡ. ಓದುಗರನ್ನು ಟ್ಯಾರೋ ಕಾರ್ಡುಗಳ ಬೆನ್ನಟ್ಟಲು ಕಳಿಸಿದ್ದಕ್ಕೆ ಪಶ್ಚಾತ್ತಾಪವನ್ನೂ ಪಟ್ಟ. ಅಷ್ಟು ಹೊತ್ತಿಗೆ ಜಗತ್ತಿನ ವಿಶ್ವವಿದ್ಯಾಲಯಗಳೆಲ್ಲ ಕಾರ್ಡು ಹಿಡಿದು ಕೂತಾಗಿತ್ತು.

ಅಳವಡಿಸುವ ವಿಧಾನ: ಮನೆಯಲ್ಲಿ ಮಾಡಿ ನೋಡಿದ್ದು

ನನ್ನ ಮೊದಲ ನೌಕರಿ ಕುಂದಾಪುರದ ಕಡೆ. ಬಾಡಿಗೆ ಕೋಣೆ. ಮನೆ ಯಜಮಾನರು ಬಡಗುತಿಟ್ಟಿನ ಮೇಳದಲ್ಲಿ ಬಹಳ ವರ್ಷ ಮದ್ದಳೆ ಬಾರಿಸಿ, ಕೈಗೆ ವಾತ ಹಿಡಿದ ಮೇಲೆ ಮನೆಯಲ್ಲಿ ಕೂತವರು. ಸಂಜೆ ಜಗಲಿಯಲ್ಲಿ ಕವಳ ಹಾಕುತ್ತ ಕೂತಿರುತ್ತಿದ್ದರು. ಮರುದಿನದ ಪಾಠಕ್ಕೆಂದು ನಾನು ‘ಭೂಮಿಗೀತ’ ಹಿಡಿದು ಮನಸ್ಸಿನಲ್ಲೇ ಓದುತ್ತ, ಅಂಚಿನಲ್ಲಿ ಪೆನ್ಸಿಲಿನಿಂದ ‘ಪ್ರತಿಮೆ’, ‘ವ್ಯಂಗ್ಯ’ ಎಂದು ಗುರುತು ಹಾಕುತ್ತಿದ್ದೆ.

“ಎಂತ ಅದ್ ಮಾಷ್ಟ್ರೆ? ಜೋರಾಯ್ ಓದಿ ಕಾಂಬ.”

ಇವರಿಗೆಲ್ಲಿ ಅರ್ಥವಾದೀತು ಎಂಬ ಗುಮಾನಿಯಲ್ಲೇ ಓದತೊಡಗಿದೆ. ಮೊದಮೊದಲು ಸುಮ್ಮನೆ ಕೇಳಿದರು. ನಾಲ್ಕನೆಯ ಸಾಲಿನ ಹೊತ್ತಿಗೆ ಅವರ ಬಲಗೈ ಪಕ್ಕದಲ್ಲಿದ್ದ ಬಿಸ್ಕತ್ತಿನ ಖಾಲಿ ಡಬ್ಬದ ಮೇಲೆ ಬಂತು. ವಾತದ ಬೆರಳು ಪೂರ್ತಿ ಮಡಚುತ್ತಿರಲಿಲ್ಲ, ಅಂಗೈಯ ಬುಡದಿಂದಲೇ ಪೆಟ್ಟು. ಐದು, ಐದು, ಐದು. ನನ್ನ ಓದು ತಾನಾಗಿ ಆ ಪೆಟ್ಟಿಗೆ ಸೇರಿಕೊಂಡಿತು. ಒಂದು ಕಡೆ ಡಬ್ಬ ನಿಂತಿತು.

“ಈಗ ಒಂದ್ ಮಾತ್ರೆ ತಪ್ಪಿತ್. ತಪ್ಪಿದ್ ನೀವಾ, ಅವ್ರಾ?”

ಮತ್ತೆ ಓದಿದೆ. ಮತ್ತೆ ಅದೇ ಜಾಗದಲ್ಲಿ ತಪ್ಪಿತು. ಅವರೇ ಬೇಕೆಂದು ಮುರಿದದ್ದು ಎಂದೆ.

“ಬೇಕಂತ್ಲೇ ತಪ್ಪುಕೆ ತಾಳ ಸಮಾ ಗೊತ್ತಿರ್ಕ್” ಎಂದು ಎಲೆಯ ತೊಟ್ಟು ಮುರಿದರು.

ಮುಕ್ತಛಂದ ಎಂದರೆ ಛಂದಸ್ಸಿನಿಂದ ಬಿಡುಗಡೆ ಎಂದು ನಾನು ಬೆಳಿಗ್ಗೆಯಷ್ಟೇ ತರಗತಿಯಲ್ಲಿ ಬರೆಸಿ ಬಂದಿದ್ದೆ. ಆ ರಾತ್ರಿ ಮಾತ್ರೆ ಎಣಿಸಿ ಪ್ರಸ್ತಾರ ಹಾಕಿ ನೋಡಿದೆ. ಆ ಸಂಕಲನದ ‘ಭೂತ’ ಕವಿತೆಯ ಬೆನ್ನೆಲುಬು ಐದೈದು ಮಾತ್ರೆಯ ಗಣ. ಅದೇ ಐದು ಮಾತ್ರೆ ಹರಿಹರನ ರಗಳೆಯಲ್ಲಿದೆ, ನವ್ಯಕ್ಕೆ ಮುಂಚಿನ ನವೋದಯದವರ ಸರಳರಗಳೆಯಲ್ಲಿದೆ. ಅಡಿಗರು ಮಾಡಿದ್ದು ಇಷ್ಟು: ಸಾಲು ಮುಗಿಯಬೇಕಾದಲ್ಲಿ ಮುಗಿಸುವುದಿಲ್ಲ, ಗಣವನ್ನು ಮುಂದಿನ ಸಾಲಿಗೆ ಚಾಚುತ್ತಾರೆ, ಲಯ ಹಾಸಿಗೆಯಂತೆ ಹಿತವಾಯಿತು ಅನ್ನುವಷ್ಟರಲ್ಲಿ ಕಾಲು ಹಿಡಿದು ಎಳೆಯುತ್ತಾರೆ. ಕಣ್ಣಿನಲ್ಲಿ ಓದುವವನಿಗೆ ಅದು ಬರೀ ಅಡ್ಡಾದಿಡ್ಡಿ ಸಾಲು. ಹಿಂದಿನ ಸಂಕಲನದ ಹೆಸರೇ ‘ಚಂಡೆಮದ್ದಳೆ’ ಎಂದು ದೊಡ್ಡ ಅಕ್ಷರದಲ್ಲಿ ಹೊದಿಕೆಯ ಮೇಲೆ ಬರೆದಿತ್ತು. ಬಾರಿಸಿ ನೋಡಬೇಕೆಂದು ನಮಗೆ ಹೊಳೆಯಲಿಲ್ಲ. ಮದ್ದಳೆಯನ್ನು ಎಕ್ಸ್‌ರೇ ತೆಗೆಯುತ್ತಿದ್ದೆವು.

ಆದ್ದರಿಂದ ಸೂಚನೆ: ಮೊದಲ ಮೂರು ಸಲ ಗಟ್ಟಿಯಾಗಿ ಓದಿ. ಅರ್ಥ ಹುಡುಕಬೇಡಿ. ಪಕ್ಕದ ಮನೆಯವರು ಕೇಳಿದರೆ ನಾಟಕದ ತಾಲೀಮು ಎನ್ನಿ. ಮಕ್ಕಳ ಕೈಗೆ ಸಿಗುವಂತೆ ಇಡಿ. ಅವರಿಗೆ ಪ್ರತಿಮೆ ಗೊತ್ತಿಲ್ಲ, ಹಾಗಾಗಿ ತೊಂದರೆಯಿಲ್ಲ.

ನಾಲ್ಕನೆಯ ಸಲ ಗುದ್ದಲಿ ತೆಗೆದುಕೊಳ್ಳಬಹುದು. ಗುದ್ದಲಿ ಎಂದದ್ದು ಅಲಂಕಾರಕ್ಕಲ್ಲ. ‘ಭೂತ’ದ ಒಳಗೇ ಒಂದು ಕೈಪಿಡಿಯಿದೆ, ಅಪ್ಪಟ ಕಸುಬುದಾರನದು. ನೆಲ ಅಗೆದರೆ ಮೊದಲು ಸಿಗುವುದು ಮಣ್ಣು. ಇನ್ನೂ ಕೆಳಗಿಳಿದರೆ ಚಿನ್ನದ ಅದಿರು. ಅದಿರು ಸಿಕ್ಕಿತೆಂದು ಕುಣಿಯುವಂತಿಲ್ಲ, ಅದನ್ನು ಸೋಸಬೇಕು, ಕಾಯಿಸಬೇಕು, ಬಡಿದು ತನ್ನ ದೇವರ ಮೂರ್ತಿಗೆ ಒಗ್ಗಿಸಬೇಕು. ಹಿಂದಿನವರದನ್ನು ಹಾಗೆಯೇ ಪೂಜಿಸುವವನಿಗೂ ಇಲ್ಲಿ ಕೆಲಸವಿಲ್ಲ, ಹಿಂದಿನದೆಲ್ಲ ಬರೀ ಮಣ್ಣು ಎಂದು ಎದ್ದು ಹೋಗುವವನಿಗೂ ಕೆಲಸವಿಲ್ಲ. ‘ಭೂತ’ ಎಂದರೆ ಕಳೆದ ಕಾಲ, ‘ಭೂತ’ ಎಂದರೆ ದೆವ್ವ, ‘ಭೂತ’ ಎಂದರೆ ಪಂಚಭೂತ. ಒಂದು ಪದ ಮೂರು ಕೆಲಸ ಮಾಡುತ್ತಿದೆ, ಸಂಬಳ ಒಂದೇ. ಇದು ಶ್ಲೇಷೆ, ನಮ್ಮ ಹಳೆಯ ಚಂಪೂ ಕವಿಗಳ ಅಚ್ಚುಮೆಚ್ಚಿನ ಆಟ. ಪರಂಪರೆ ಮುರಿದರು ಎಂದು ಯಾರನ್ನು ಬೈಯುತ್ತಿದ್ದೆವೋ ಅವರು ಪಂಪನ ಅಂಗಡಿಯಿಂದಲೇ ಸಾಮಾನು ತಂದಿದ್ದರು.

ದೋಷ ಮತ್ತು ಪರಿಹಾರ

‘ಅರ್ಥವೇ ಆಗುವುದಿಲ್ಲ’: ಅತಿ ಹೆಚ್ಚು ಬರುವ ದೂರು ಇದು. ಗ್ರಾಹಕರು ಗಮನಿಸಬೇಕು, ಅರ್ಥವಾಗದ ಕವಿತೆ ಕನ್ನಡಕ್ಕೆ 1954ರಲ್ಲಿ ಬಂದದ್ದಲ್ಲ. ಅಲ್ಲಮನ ಬೆಡಗಿನ ವಚನಗಳಿವೆ, ದಾಸರ ಮುಂಡಿಗೆಗಳಿವೆ. ಬೆಡಗು ಬಿಡಿಸಿ ಟೀಕೆ ಬರೆಯುವುದು ಹದಿನೈದನೆಯ ಶತಮಾನದಲ್ಲೇ ಮರ್ಯಾದೆಯ ಕಸುಬಾಗಿತ್ತು. ಆಗ ಟೀಕೆ ಎಂದರೆ ಅರ್ಥ ಹೇಳುವುದು, ಈಗ ಟೀಕೆ ಎಂದರೆ ಬೈಯುವುದು. ಕನ್ನಡ ವಿಮರ್ಶೆಯ ಚರಿತ್ರೆಯನ್ನು ಆ ಒಂದು ಪದದ ಚರಿತ್ರೆಯಾಗಿಯೂ ಬರೆಯಬಹುದು. ಬೇಂದ್ರೆಯವರ ‘ನಾಕುತಂತಿ’ ಬಂದದ್ದು 1964ರಲ್ಲಿ, 1973ರ ಜ್ಞಾನಪೀಠ ಅದಕ್ಕೇ. ಅದರ ಸಾಲುಸಾಲಿನ ಅರ್ಥ ಹೇಳುತ್ತೇನೆಂದು ಮುಂದೆ ಬರುವವರು ಕಡಿಮೆ. ಆದರೂ ಯಾರೂ ದೂರು ಕೊಡಲಿಲ್ಲ, ಯಾಕೆಂದರೆ ಹಾಡಲು ಬರುತ್ತಿತ್ತು. ಹಾಡಿದರೆ ಎಲ್ಲ ಮಾಫಿ. ಅರ್ಥವಾಗುವುದಿಲ್ಲ ಎಂದವರ ತಕರಾರು, ನನ್ನ ಲೆಕ್ಕದಲ್ಲಿ, ಅರ್ಥದ್ದೇ ಅಲ್ಲ.

‘ನನಗೆ ಹಾಡುವ ಮಾದರಿ ಬೇಕಿತ್ತು, ಬದಲಿಸಿಕೊಡಿ’: ಬದಲಿ ಇದೆ, ತಯಾರಕರೂ ಅವರೇ. ಮದುವೆ ಆರತಕ್ಷತೆಯಲ್ಲಿ ಆರ್ಕೆಸ್ಟ್ರಾದವರು ಕಣ್ಣುಮುಚ್ಚಿ ಹಾಡುವ, ಸಿನಿಮಾ ಸೇರಿದ ಆ ಮೋಹನ ಮುರಳಿಯ ಹಾಡು ಅಡಿಗರದೇ, ಅವರು ನವ್ಯರಾಗುವ ಮುಂಚಿನದು. ವರ್ಷ ವರ್ಷ ತರಗತಿಯಲ್ಲಿ ಇದನ್ನು ಹೇಳಿದ್ದೇನೆ, ವರ್ಷ ವರ್ಷ ಹುಡುಗರು ನಂಬಿಲ್ಲ. ಯಾವ ದಾರಿ ಬಿಟ್ಟು ಬರಲು ಕವಿ ಇಷ್ಟೆಲ್ಲ ಪಾಡುಪಟ್ಟರೋ ಅದೇ ದಾರಿಯಲ್ಲಿ ಜನ ಅವರನ್ನು ನೆನೆಯುತ್ತಾರೆ. ಇದಕ್ಕೆ ಸರ್ವಿಸ್ ಸೆಂಟರಿನಲ್ಲಿ ಪರಿಹಾರವಿಲ್ಲ.

‘ಹೆಸರೇ ಅರ್ಧ ಮುದ್ರಣವಾಗಿದೆ’: ಎ.ಕೆ. ರಾಮಾನುಜನ್ ಅವರ 1977ರ ಸಂಕಲನದ ವಿಷಯವಾಗಿ ಈ ದೂರು ಬರುತ್ತದೆ. ‘ಮತ್ತು ಇತರ ಕವಿತೆಗಳು’ ಎಂಬುದೇ ಅದರ ಪೂರ್ಣ ಹೆಸರು. ಷಿಕಾಗೋದಲ್ಲಿ ಕೂತು ಕನ್ನಡದಲ್ಲಿ ಬರೆಯುತ್ತಿದ್ದವರಿಗೆ ತಾವು ಯಾವುದೋ ಪಟ್ಟಿಯ ಕೊನೆಯಲ್ಲಿದ್ದೇವೆ ಎಂದು ಅನಿಸಿತ್ತೋ ಏನೋ. ಸಲಕರಣೆ ಚಿಕ್ಕದು, ಶಬ್ದ ಕಡಿಮೆ, ಬೆರಳು ಕೊಯ್ಯುತ್ತದೆ. ಅಡಿಗರ ಗುಡುಗು ತಡೆಯದವರು ಇಲ್ಲಿಂದ ಶುರು ಮಾಡಬಹುದು.

‘ಈ ಯಂತ್ರ ನಮ್ಮ ಕೇರಿಯ ಕರೆಂಟಿಗೆ ಓಡುವುದಿಲ್ಲ’: ಈ ದೂರನ್ನು ಕೈಪಿಡಿ ನಗಾಡದೆ ಸ್ವೀಕರಿಸುತ್ತದೆ. ದಲಿತ ಕವಿ ಸಿದ್ದಲಿಂಗಯ್ಯನವರ ‘ಹೊಲೆಮಾದಿಗರ ಹಾಡು’ 1975ರಲ್ಲಿ ಬಂದಾಗ ಅನಾಥಪ್ರಜ್ಞೆಯ ಮಾತು ಏಕಾಏಕಿ ಪುಟ್ಟದಾಗಿ ಕಂಡಿತು. ತಾನು ಯಾರೆಂದು ತಿಳಿಯದೆ ನರಳುವುದು ಒಂದು. ನೀನು ಯಾರೆಂದು ಊರೆಲ್ಲ ದಿನಾ ನೆನಪಿಸುವುದು ಇನ್ನೊಂದು. 1979ರಲ್ಲಿ ಅಡಿಗರು ಧರ್ಮಸ್ಥಳದ ಸಾಹಿತ್ಯ ಸಮ್ಮೇಳನದ ಅಧ್ಯಕ್ಷರಾದರು, ಅದೇ ವರ್ಷ ಬೆಂಗಳೂರಿನಲ್ಲಿ ಬಂಡಾಯ ಸಾಹಿತ್ಯದವರು ಬೇರೆಯೇ ಸಮ್ಮೇಳನ ಮಾಡಿದರು. ಕವಿತೆಯಲ್ಲಿ ಅಷ್ಟೆಲ್ಲ ಉರುಳಿಸಿದ ಮನುಷ್ಯ 1971ರಲ್ಲಿ ಜನಸಂಘದಿಂದ ಲೋಕಸಭೆಗೆ ನಿಂತು ಸೋತದ್ದನ್ನೂ ಜನ ಮರೆತಿರಲಿಲ್ಲ. ನವ್ಯದವರು ನವೋದಯಕ್ಕೆ ಮಾಡಿದ್ದನ್ನು ಬಂಡಾಯದವರು ನವ್ಯಕ್ಕೆ ಮಾಡಿದರು ಎಂದು ನಾವು ಮೇಷ್ಟ್ರುಗಳು ಬೋರ್ಡಿನ ಮೇಲೆ ಬಾಣದ ಗುರುತು ಹಾಕಿ ತೋರಿಸುತ್ತಿದ್ದೆವು. ಬಾಣ ಹಾಕಿದಷ್ಟು ಸಲೀಸಾಗಿ ಯಾವುದೂ ನಡೆಯಲಿಲ್ಲ. ಬಂಡಾಯದ ಎಷ್ಟೋ ಜನರ ಬೈಗುಳದಲ್ಲಿ ಅಡಿಗರದೇ ತಾಳ ಕೇಳಿಸುತ್ತದೆ.

ವಾರಂಟಿ

ವಾರಂಟಿ ಇಲ್ಲ. ಕಾರಣ ಹೇಳುತ್ತೇನೆ.

ನಾನೂ ಒಂದು ಗೈಡ್ ಬರೆದಿದ್ದೆ. ಮನೆ ಕಟ್ಟಿಸುತ್ತಿದ್ದೆ, ಪ್ರಕಾಶಕರು ಪುಟಕ್ಕಿಷ್ಟು ಎಂದು ದುಡ್ಡು ಕೊಟ್ಟರು. ‘ಭೂತ’ಕ್ಕೆ ಎರಡೂವರೆ ಪುಟ. ಬಿಸ್ಕತ್ತಿನ ಡಬ್ಬದ ವಿಷಯ ಅದರಲ್ಲಿ ಇರಲಿಲ್ಲ. ಪರೀಕ್ಷೆಯಲ್ಲಿ ಡಬ್ಬಕ್ಕೆ ಅಂಕವಿಲ್ಲ. ಅಚ್ಚಿನಲ್ಲಿ ಒಂದು ಒತ್ತಕ್ಷರ ಬಿದ್ದುಹೋಗಿ ‘ಅನಾಥಪ್ರಜ್ಞೆ’ ಎಂಬುದು ‘ಅನಾಥಪ್ರಜೆ’ ಎಂದಾಗಿತ್ತು. ಕರಡು ತಿದ್ದಿದವನೂ ನಾನೇ.

ಎರಡು ವರ್ಷದ ಮೇಲೆ ಮೌಲ್ಯಮಾಪನಕ್ಕೆ ಹೋದೆ. ಉದ್ದನೆಯ ಹಾಲ್, ಸಿಮೆಂಟಿನ ಧೂಳು, ಸುತ್ತುವಾಗ ಕಿರುಗುಟ್ಟುವ ಫ್ಯಾನು, ಎದುರಿಗೆ ಉತ್ತರಪತ್ರಿಕೆಯ ಕಟ್ಟು. ಮೊದಲನೆಯದರಲ್ಲಿ ‘ಕವಿಯು ಆಧುನಿಕ ಮಾನವನ ಅನಾಥಪ್ರಜೆಗೆ ಮುಖಾಮುಖಿಯಾಗುತ್ತಾನೆ’ ಎಂದಿತ್ತು. ಎರಡನೆಯದರಲ್ಲೂ ಅದೇ. ಆ ಕಟ್ಟಿನಲ್ಲಿ ಇಪ್ಪತ್ತಮೂರು ಅನಾಥಪ್ರಜೆಗಳಿದ್ದರು. ತಪ್ಪೆಂದು ಅಂಕ ಕಳೆಯಲು ಕೈ ಬರಲಿಲ್ಲ, ತಪ್ಪು ಯಾರದೆಂದು ಗೊತ್ತಿತ್ತು. ಅದೂ ಅಲ್ಲದೆ, ಓದುತ್ತ ಓದುತ್ತ, ನಾನು ಬರೆದದ್ದಕ್ಕಿಂತ ಅಚ್ಚಿನವನು ಬರೆದದ್ದೇ ವಾಸಿ ಎಂಬ ಅನುಮಾನವೂ ಬಂತು. ಎಲ್ಲರಿಗೂ ಹತ್ತಕ್ಕೆ ಏಳು.

ನಡುವೆ ಒಂದು ಪತ್ರಿಕೆ ಬೇರೆ ಥರ. ಕರಾವಳಿಯ ಹುಡುಗನೋ ಹುಡುಗಿಯೋ ಇರಬೇಕು, ಅಕ್ಷರ ದುಂಡಗಿತ್ತು. ಗೈಡ್ ಓದಿದ ಕುರುಹು ಎಲ್ಲೂ ಇಲ್ಲ. ‘ನಮ್ಮ ಮನೆಯಲ್ಲಿ ಭೂತಕ್ಕೆ ವರ್ಷಕ್ಕೊಮ್ಮೆ ಕೋಲ ಕೊಡಬೇಕು. ಅಪ್ಪ ಮುಂಬಯಿಗೆ ಹೋದ ಮೇಲೆ ಮೂರು ವರ್ಷ ಕೊಡಲಿಲ್ಲ, ಆಮೇಲೆ ಕೊಟ್ಟೆವು. ಈ ಕವಿಯೂ ಬಾಕಿ ಇಟ್ಟುಕೊಂಡವರ ಹಾಗೆ ಬರೆದಿದ್ದಾರೆ’ ಎಂದು ಶುರುವಾಗಿತ್ತು. ಮಾದರಿ ಉತ್ತರದ ಹಾಳೆ ನೋಡಿದೆ. ಪ್ರತಿಮೆಗೆ ಎರಡು, ವ್ಯಂಗ್ಯಕ್ಕೆ ಎರಡು, ಅನಾಥಪ್ರಜ್ಞೆಗೆ ಎರಡು, ಪರಂಪರೆಗೆ ನಾಲ್ಕು. ಬಾಕಿಗೆ ಏನೂ ಇರಲಿಲ್ಲ. ಪರಂಪರೆಯ ನಾಲ್ಕನ್ನೂ ಕೊಟ್ಟು, ಮೊದಲ ಪುಟದ ಚೌಕದಲ್ಲಿ ಕೆಂಪು ಶಾಯಿಯಲ್ಲಿ ಮೊತ್ತ ಬರೆದು, ಸಹಿ ಹಾಕಿದೆ.

ಮುಚ್ಚಿಡುವಾಗ ಹಾಳೆ ಮಗುಚಿತು. ಉತ್ತರ ಮುಗಿದಿರಲಿಲ್ಲ. ಹಿಂದಿನ ಪುಟದಲ್ಲಿ ಇನ್ನೆರಡು ಸಾಲಿತ್ತು: ‘ಕೋಲದ ರಾತ್ರಿ ಭೂತ ನುಡಿದದ್ದೆಲ್ಲ ನಮಗೆ ತಿಳಿಯುವುದಿಲ್ಲ. ಆದರೂ ನಡುರಾತ್ರಿಯಲ್ಲಿ ಯಾರೂ ಎದ್ದು ಹೋಗುವುದಿಲ್ಲ.’

ಸಹಿ ಬಿದ್ದ ಮೇಲೆ ಅಂಕ ತಿದ್ದಬೇಕಾದರೆ ಮುಖ್ಯ ಪರೀಕ್ಷಕರ ಒಪ್ಪಿಗೆ ಬೇಕು. ಅವರು ಊಟಕ್ಕೆ ಹೋಗಿದ್ದರು. ಅವರು ಬರುವಷ್ಟರಲ್ಲಿ ಜವಾನ ಕಟ್ಟು ಎತ್ತಿಕೊಂಡು ಹೋಗಿ ಬಟ್ಟೆಯ ಚೀಲಕ್ಕೆ ಹಾಕಿ ಹೊಲಿಯುತ್ತಿದ್ದ.